ಅಕ್ಕಿಹೆಬ್ಬಾಳು: ಹೆಸರಿನ ಮುಂದಿನ ಒಂದು ಅಕ್ಷರ

ಮೈಸೂರಿನಿಂದ ಹಾಸನದ ಮಾರ್ಗವಾಗಿ ಅರಸೀಕೆರೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕೃಷ್ಣರಾಜನಗರವನ್ನು ದಾಟಿದ ಕೆಲವು ಹೊತ್ತಿನಲ್ಲಿಯೇ ಅಕ್ಕಿಹೆಬ್ಬಾಳು ಎಂಬ ಸಣ್ಣ ನಿಲ್ದಾಣವು ಸಿಕ್ಕುವುದು. ಇಳಿಯುವವರು ಹತ್ತು ಮಂದಿಯಿದ್ದರೆ ಹೆಚ್ಚು. ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ ಈ ಊರು ಹೇಮಾವತಿಯ ದಡದಲ್ಲಿದೆ. ಹೆಸರಿನಲ್ಲಿ ಅಕ್ಕಿಯಿರುವಂತೆ ಬಯಲಿನಲ್ಲಿ ಬತ್ತವಿದೆ. ಅದರಾಚೆಗೆ ಕಬ್ಬು, ತೆಂಗು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿದ ಹೇಮಾವತಿಯು ಹಾಸನದ ಸೀಮೆಯನ್ನೆಲ್ಲ ಸುತ್ತಿ ಇಲ್ಲಿಗೆ ಬರುವ ಹೊತ್ತಿಗೆ ತನ್ನ ಪ್ರಯಾಣದ ಕೊನೆಯ ಭಾಗದಲ್ಲಿರುವಳು. ಮುಂದೆ ಕೃಷ್ಣರಾಜಸಾಗರದ ನೀರಿನಲ್ಲಿ ಆಕೆ ಕಾವೇರಿಯನ್ನು ಕೂಡುವಳು. ಅಲ್ಲಿಂದ ಮುಂದೆ ಆಕೆಯ ಹೆಸರನ್ನು ಹೇಳುವವರಿಲ್ಲ.

ಈ ಊರನ್ನು ಕಣ್ಣಾರೆ ಕಾಣದ ವಾಚಕರೂ ಇದರ ಮೊದಲಕ್ಷರವನ್ನು ಎಷ್ಟೋ ಸಾರಿ ಓದಿರುವರು. ಪ್ರಬಂಧಕಾರರಾದ ಎ.ಎನ್. ಮೂರ್ತಿರಾಯರ ಹೆಸರಿನ ‘ಎ’ ಎಂಬುದು ಅಕ್ಕಿಹೆಬ್ಬಾಳು. 1900ರಲ್ಲಿ ಇಲ್ಲಿ ಜನಿಸಿ, ನೂರು ವರ್ಷಗಳನ್ನು ದಾಟಿ 2003ರವರೆಗೆ ಬಾಳಿದ ಆ ಹಿರಿಯರು ತಮ್ಮ ಊರನ್ನು ಹೆಸರಿನ ಮುಂದಿರಿಸಿಕೊಂಡೇ ಲೋಕವನ್ನು ಸುತ್ತಿದರು. ಇದೇ ತಾಲ್ಲೂಕಿನ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ಯಲ್ಲಿ ಕಿಕ್ಕೇರಿ ಅಡಗಿದೆ. ನೆರೆಯ ನಾಗಮಂಗಲ ತಾಲ್ಲೂಕಿನವರಾಗಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಹೆಚ್.ಎಲ್. ನಾಗೇಗೌಡರ ‘ಹೆಚ್’ನಲ್ಲಿ ಹೆರಗನಹಳ್ಳಿಯಿದೆ. ನಮ್ಮ ಸೀಮೆಯಲ್ಲಿ ಊರು, ತಂದೆಯ ಹೆಸರು, ತನ್ನ ಹೆಸರು ಎಂಬ ಮೂರನ್ನು ಪೋಣಿಸಿ ಒಬ್ಬನ ಹೆಸರು ಮಾಡುವ ಪದ್ಧತಿಯುಂಟು. ಇಂಗ್ಲಿಷ್ ಅಕ್ಷರದ ಮುಸುಕಿನಲ್ಲಿದ್ದರೂ ಊರು ಅಲ್ಲಿಯೇ ಇರುವುದು. ಕೇಳಿದವರಿಗೆ ಬಿಡಿಸಿ ಹೇಳುವವರಿದ್ದರೆ ಸಾಕು.

ವ್ಯಾಕರಣವನ್ನು ಓದಿಸಿದ ನಮಗೆ ಇಲ್ಲಿ ಪಾಣಿನಿಯ ನೆನಪಾಗುವುದು ಸಹಜ. ಊರಿನ ಹೆಸರಿನಿಂದ ಊರವನ ಹೆಸರನ್ನು ಮಾಡುವ ವಿಧಾನವನ್ನು ಹೇಳುವಾಗ ಆ ಮಹರ್ಷಿಯು ನಿವಾಸ ಮತ್ತು ಅಭಿಜನ ಎಂಬ ಎರಡನ್ನು ಬೇರೆಬೇರೆಯಾಗಿ ಹೇಳಿರುವನು. ತಾನು ಈಗ ವಾಸಿಸುವ ಸ್ಥಳ ನಿವಾಸ. ತನ್ನ ಪೂರ್ವಿಕರು ವಾಸಿಸಿದ ಸ್ಥಳ ಅಭಿಜನ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಈ ಭೇದವನ್ನು ಶಾಸ್ತ್ರದಲ್ಲಿ ಹೇಳಬೇಕಾಯಿತೆಂದರೆ, ಊರು ಬಿಟ್ಟು ಊರಿಗೆ ಹೋಗುವ ಜನರು ಅಂದೂ ಇದ್ದರೆಂದೇ ಅರ್ಥ. ಮನುಷ್ಯನಿಗೆ ಈ ಎರಡೂ ಉಂಟು. ಒಂದನ್ನು ಪಡೆದುದಕ್ಕಾಗಿ ಇನ್ನೊಂದನ್ನು ತ್ಯಜಿಸಬೇಕಾಗಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಅಮೆರಿಕದಿಂದ ರಜೆಗೆಂದು ಬಂದು, ಹನ್ನೊಂದು ವರ್ಷದ ಮಗನನ್ನು ಅಕ್ಕಿಹೆಬ್ಬಾಳಿಗೆ ಕರೆದುಕೊಂಡು ಹೋದನು, ನಮ್ಮನ್ನೂ ಬರಹೇಳಿದನು. ಅವನ ಮನೆತನವು ಈ ಊರಿನದು. ದಾರಿಯಲ್ಲಿ ಅವನು ತನ್ನ ಹೆಸರಿನ ಕಥೆಯನ್ನು ಹೇಳಿದನು. ಆ ದೇಶದ ಅರ್ಜಿಗಳಲ್ಲಿ ಸ್ವಂತ ಹೆಸರಿಗೆ ಒಂದು ಮನೆ, ವಂಶದ ಹೆಸರಿಗೆ ಒಂದು ಮನೆ ಇರುವುದಂತೆ. ನಮ್ಮವರಿಗೆ ವಂಶದ ಹೆಸರು ಎಲ್ಲಿಯದು? ತಂದೆಯ ಹೆಸರನ್ನೇ ಅಲ್ಲಿ ಬರೆದನು. ಮದುವೆಯಾದ ಮೇಲೆ ಹೆಂಡತಿಗೂ ಅದೇ, ಮಗನಿಗೂ ಅದೇ. ಆ ದೇಶದಲ್ಲಿ ಕಾಲನ್ನೇ ಇಡದ ಅಜ್ಜನು ಹೀಗೆ ಅಲ್ಲಿ ಒಂದು ವಂಶಕ್ಕೆ ಮೂಲಪುರುಷನಾದನು! ಊರಿನ ಅಕ್ಷರವೊಂದಕ್ಕೆ ಮಾತ್ರ ಮನೆ ದೊರೆಯಲಿಲ್ಲ. ಮೊದಲು ಅದು ನಡುವಿನ ಅಕ್ಷರವಾಗಿ ಉಳಿಯಿತು. ಮಗನ ಜನನಪತ್ರವನ್ನು ಬರೆಸುವಾಗ ಬಿಟ್ಟೇಹೋಯಿತು.

ಪೂರ್ವಿಕರ ಮನೆಯಿದ್ದ ಸ್ಥಳದಲ್ಲಿ ಈಗ ಬೇರೆಯವರ ಮನೆಯಿದೆ. ತೋರಿಸಲು ಗೋಡೆಯಿಲ್ಲ, ಬಾಗಿಲಿಲ್ಲ. ಹುಡುಗನು ಹೊಳೆಯಲ್ಲಿ ಕಾಲಿಟ್ಟು ನಿಂತು, ತಂದೆಯ ಹಳೆಯ ಪುಸ್ತಕಗಳ ಮೇಲೆ ತಾನು ಕಂಡಿದ್ದ ಅಕ್ಷರವನ್ನು ನೆನೆದು, “ಎ ಎಂದರೆ ಇದೇನಾ?” ಎಂದು ಕೇಳಿದನು. ತಂದೆಯು ಹೌದೆಂದು ತಲೆಯಾಡಿಸಿದನು. ಅವನಿಗೆ ಮಾತು ಹೊರಡಲಿಲ್ಲ.

ಈ ಸಂಕಟವು ನಮ್ಮವರಿಗೆ ಮಾತ್ರ ಬಂದುದಲ್ಲ. 1880ರಿಂದ 1924ರವರೆಗೆ ಸುಮಾರು ನಲವತ್ತು ಲಕ್ಷಕ್ಕೂ ಮಿಕ್ಕ ಇಟಲಿಯ ಜನರು ಅಮೆರಿಕಕ್ಕೆ ಹೋದರು. ಅವರಲ್ಲಿ ಬಹುಮಂದಿ ದಕ್ಷಿಣ ಇಟಲಿಯ ಬಡ ರೈತರು. ತಮ್ಮ ಊರಿನ ಇಗರ್ಜಿಯ ಗಂಟೆಗೋಪುರದ ಮೇಲಿನ ಅಭಿಮಾನಕ್ಕೆ ಅವರ ಭಾಷೆಯಲ್ಲಿ ಒಂದು ಪ್ರತ್ಯೇಕ ಪದವೇ ಉಂಟು. ಒಂದೂರಿನವರು ಹೊಸ ನಗರದಲ್ಲಿ ಒಂದೇ ಬೀದಿಯನ್ನು ಹಿಡಿದರು. ನೇಪಲ್ಸ್ ಸೀಮೆಯವರು ನ್ಯೂಯಾರ್ಕಿನ ಮಲ್ಬೆರಿ ಬೀದಿಯಲ್ಲಿ ತಮ್ಮ ಊರಿನ ಸಂತ ಜೆನ್ನಾರೋವಿನ ಉತ್ಸವವನ್ನು 1926ರಲ್ಲಿ ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ. ಆದರೆ ಮೊಮ್ಮಕ್ಕಳ ಕಾಲಕ್ಕೆ ಮನೆಮಾತು ಬಹುಮಟ್ಟಿಗೆ ಮರೆತುಹೋಯಿತು. ಎಷ್ಟೋ ಹೆಸರುಗಳು ಮೊಟಕಾದುವು. ಎಲ್ಲಿಸ್ ದ್ವೀಪದಲ್ಲಿ ಸರಕಾರದ ಗುಮಾಸ್ತರೇ ಹೆಸರುಗಳನ್ನು ಕತ್ತರಿಸಿದರೆಂಬ ಕಥೆ ಜನಜನಿತವಾಗಿದೆ. ಚರಿತ್ರಕಾರರು ಇದನ್ನು ಒಪ್ಪರು. ಆ ಗುಮಾಸ್ತರು ಹಡಗಿನಿಂದ ಬಂದ ಪಟ್ಟಿಯಲ್ಲಿದ್ದ ಹೆಸರನ್ನು ತಾಳೆ ನೋಡುತ್ತಿದ್ದರು, ಅಷ್ಟೆ. ಹೆಸರನ್ನು ಮೊಟಕುಮಾಡಿದವರು ಬಹುಮಟ್ಟಿಗೆ ಮನೆಯವರೇ. ಕೆಲಸಕ್ಕೆ ಅನುಕೂಲವಾಗಲೆಂದು, ಮಕ್ಕಳನ್ನು ಶಾಲೆಯಲ್ಲಿ ಯಾರೂ ಹಾಸ್ಯಮಾಡದಿರಲೆಂದು.

ನಮ್ಮವರ ಕಥೆಯೂ ಅವರ ಕಥೆಯೂ ಒಂದೇ ಬಾಗಿಲಿನಲ್ಲಿ ಕೂಡುತ್ತವೆ. 1917ರ ಕಾನೂನು ಹಿಂದೂಸ್ಥಾನದವರಿಗೆ ಆ ದೇಶವನ್ನು ಮುಚ್ಚಿತು. 1924ರ ಕಾನೂನು ಇಟಲಿಯವರನ್ನು ವರ್ಷಕ್ಕೆ ಸುಮಾರು 3,800 ಮಂದಿಗೆ ಇಳಿಸಿತು. 1946ರಲ್ಲಿ ನಮಗೆ ವರ್ಷಕ್ಕೆ 100 ಮಂದಿಯ ಅವಕಾಶವಾಯಿತು. ದೇಶವಾರು ಮಿತಿಯ ಈ ಹಳೆಯ ಏರ್ಪಾಡನ್ನು 1965ರ ಕಾನೂನು ತೆಗೆದುಹಾಕಿದ ಮೇಲೆಯೇ ನಮ್ಮ ವೈದ್ಯರೂ ಇಂಜಿನಿಯರರೂ ಅಲ್ಲಿ ಸಂಸಾರ ಹೂಡಿದುದು. ಮಕ್ಕಳನ್ನು ನೋಡಲು ತಂದೆತಾಯಿಗಳು ಹಿಂದಿನಿಂದ ಹೊರಟರು. ಮೂರ್ತಿರಾಯರೂ ಮುಪ್ಪಿನಲ್ಲಿ ಆ ದೇಶವನ್ನು ನೋಡಿಬಂದು ‘ಅಪರ ವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದರು.

ಪರದೇಶದಲ್ಲಿ ಮನೆತನದ ಗುರುತು ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಲು ಸಮುದ್ರವನ್ನು ದಾಟಬೇಕಾಗಿಲ್ಲ. ಅಕ್ಕಿಹೆಬ್ಬಾಳಿನಿಂದ ಪೂರ್ವಕ್ಕೆ ಪಾಂಡವಪುರ ತಾಲ್ಲೂಕಿಗೆ ಹೋದರೆ ತೊಣ್ಣೂರಿನ ಕೆರೆಯೂ ಮೇಲುಕೋಟೆಯ ಬೆಟ್ಟವೂ ಸಿಕ್ಕುವುವು. ಹನ್ನೆರಡನೆಯ ಶತಮಾನದ ಆದಿಯಲ್ಲಿ ಶ್ರೀರಾಮಾನುಜಾಚಾರ್ಯರು ತಮಿಳು ದೇಶದಿಂದ ಹೊಯ್ಸಳರ ಈ ನಾಡಿಗೆ ಬಂದರು. ಅವರೊಡನೆಯೂ ಅವರ ತರುವಾಯವೂ ಶ್ರೀವೈಷ್ಣವ ಕುಟುಂಬಗಳು ಬಂದು ನೆಲೆಸಿದುವು. ಅವರೂ ಒಂದು ಕಾಲದಲ್ಲಿ ವಲಸೆಗಾರರೇ. ಶತಮಾನಗಳು ಕಳೆದರೂ ಅವರ ಅಡಿಗೆಯ ಮನೆಯಲ್ಲಿ ತಮಿಳು ಬದುಕಿದೆ. ಕನ್ನಡದ ಮಾತುಗಳನ್ನು ಧಾರಾಳವಾಗಿ ಬೆರೆಸಿಕೊಂಡ ತಮಿಳು. ತಮಿಳಿನ ಸೆಲ್ವಪಿಳ್ಳೈ ಮೇಲುಕೋಟೆಯಲ್ಲಿ ಚೆಲುವನಾರಾಯಣನಾದನು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು; ಅವರು ಹಾಡಿದುದು ಕನ್ನಡದಲ್ಲಿ. 1929ರಲ್ಲಿ ಮೈಸೂರಿನ ತಮಿಳು ಮನೆಯೊಂದರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ನರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ, 1969ರಲ್ಲಿ, ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಅವರ ಕನ್ನಡ ಕವನಸಂಗ್ರಹವು ಪ್ರಕಟವಾಯಿತು. ಪೂರ್ವಿಕರ ಮಾತನ್ನು ಉಳಿಸಿಕೊಂಡವರು ಹೊಸ ನಾಡಿನ ಮಾತಿಗೆ ಪರಕೀಯರಾಗಿ ಉಳಿಯಲಿಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಷ್ಟು ಕಾಲ ಅದು ಹೇಗೆ ಉಳಿಯಿತು? ಅಭಿಮಾನದಿಂದ ಎಂದು ಹೇಳಿದರೆ ಸಾಲದು. ಆ ಮಾತಿಗೆ ದಿನದಿನವೂ ಕೆಲಸವಿತ್ತು. ದೇವಸ್ಥಾನದಲ್ಲಿ ಆಳ್ವಾರುಗಳ ಪಾಶುರಗಳನ್ನು ಹೇಳಬೇಕಾಗಿತ್ತು. ಮನೆಯಲ್ಲಿ ಅಜ್ಜಿಯು ಆ ಮಾತಿನಲ್ಲಿಯೇ ಬಡಿಸುತ್ತಿದ್ದಳು, ಗದರುತ್ತಿದ್ದಳು, ಮಲಗಿಸುತ್ತಿದ್ದಳು. ದಿನವೂ ಬೆಳಗುವ ಕಂಚು ಹೊಳೆಯುವುದು, ಅಟ್ಟದ ಮೇಲಿಟ್ಟ ಕಂಚು ಕಿಲುಬುವುದು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಹೊರಗೆ ತೆಗೆಯುವ ಕನ್ನಡಕ್ಕೂ ಇದೇ ಗತಿ. ಅಮೆರಿಕದ ಕನ್ನಡ ಕೂಟಗಳವರು ವಾರದ ರಜೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿರುವುದು ಶ್ಲಾಘ್ಯವಾದ ಕಾರ್ಯ. ಆದರೆ ವಾರದ ಪಾಠಕ್ಕೆ ದಿನದ ಊಟದ ಮಾತು ಜೊತೆಯಾಗದಿದ್ದರೆ ಮಕ್ಕಳ ಬಾಯಲ್ಲಿ ಅದು ನಿಲ್ಲದು.

ದೂರ ಹೋದವರಿಗೆ ಉಪದೇಶ ಮಾಡುವುದು ಸುಲಭ. ಊರಲ್ಲಿರುವ ನಮಗೂ ಒಂದು ಕರ್ತವ್ಯವುಂಟು. ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೂ ತನ್ನ ಹೆಸರಿನ ಮೊದಲಕ್ಷರದ ಅರ್ಥ ತಿಳಿಯದಿರುವುದನ್ನು ನಾವು ಪಾಠಶಾಲೆಯಲ್ಲಿ ಎಷ್ಟೋ ಸಾರಿ ಕಂಡಿರುವೆವು. ಮನೆಯ ಯಜಮಾನರು ಒಂದು ಹಾಳೆಯ ಮೇಲೆ ತಮ್ಮ ಹೆಸರನ್ನು ಬಿಡಿಸಿ ಬರೆಯಲಿ. ಊರು, ಹೊಳೆ, ಮನೆದೇವರು, ನೆನಪಿರುವಷ್ಟು ತಲೆಮಾರಿನ ಹೆಸರುಗಳು. ಹೆಂಗಸರ ಹೆಸರುಗಳನ್ನೂ ಅವರ ತವರೂರನ್ನೂ ಮರೆಯದೆ ಸೇರಿಸಲಿ. ವಂಶಾವಳಿಗಳಲ್ಲಿ ಮೊದಲು ಅಳಿಸಿಹೋಗುವುದು ಅವೇ. ಮಕ್ಕಳು ಆ ಹಾಳೆಯನ್ನು ತಮ್ಮ ಕೈಯಿಂದ ನಕಲು ಮಾಡಲಿ. ಆ ಮಕ್ಕಳ ನಿವಾಸವು ಮುಂದೆ ಎಲ್ಲಿಯಾದರೂ ಆಗಬಹುದು, ಅದನ್ನು ನಿರ್ಧರಿಸುವವರು ನಾವಲ್ಲ. ಅವರ ಅಭಿಜನ ಯಾವುದೆಂದು ಹೇಳಬಲ್ಲವರು ಸದ್ಯಕ್ಕೆ ನಾವು. ನಮ್ಮ ತರುವಾಯ ಆ ಹಾಳೆ.