ನಕ್ಕದ್ದು ಯಾರನ್ನು ನೆನೆದು?

ಪುಟ್ಟಣ್ಣ ಕಣಗಾಲ್ ಅವರ ‘ಎಡಕಲ್ಲು ಗುಡ್ಡದ ಮೇಲೆ’ ತೆರೆಕಂಡದ್ದು 1973ರಲ್ಲಿ. ಅದು ನಮ್ಮ ಕಡೆಗೆ ಬಂದಾಗ, ಕೋರಮಂಡಲ್ ನಿಲ್ದಾಣದಲ್ಲಿ ರೈಲು ಹತ್ತಿ, ಸೋದರಮಾವನೊಡನೆ ಬಂಗಾರಪೇಟೆಗೆ ಹೋಗಿ ನೋಡಿದೆ. ಆಗ ನಾನು ಕಾಲೇಜು ವಿದ್ಯಾರ್ಥಿ.

ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಕಥೆಯದು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಸೈನಿಕ. ಅವನ ಪತ್ನಿ ಮಾಧವಿ. ಆಕೆಯ ಮನಸ್ಸನ್ನು ಸೆಳೆಯುವ ತರುಣ. ಜಯಂತಿಯವರು ಮಾಧವಿಯಾಗಿದ್ದರು. ತರುಣನಾಗಿ ನಟಿಸಿದ ಚಂದ್ರಶೇಖರ್ ಅವರಿಗೆ ಚಿತ್ರದ ಹೆಸರೇ ಜೀವನಪೂರ್ತಿ ಅಂಟಿಕೊಂಡಿತು. ಲೋಕ ಕಳಂಕವೆನ್ನುವ ಆ ಸಂಬಂಧವನ್ನು ನಿರ್ದೇಶಕರು ಅಗ್ಗದ ರಂಜನೆಯಾಗಿಸಲಿಲ್ಲ; ಕರ್ತವ್ಯಕ್ಕೂ ಬಯಕೆಗೂ ನಡುವೆ ತೊಳಲುವ ಒಂದು ಜೀವವನ್ನು ನಮ್ಮೆದುರು ನಿಲ್ಲಿಸಿದರು. ಆದರೂ ಚಿತ್ರಮಂದಿರದಲ್ಲಿ ಶಿಳ್ಳೆ ಕೇಳಿಬಂದಿತು. ನಾನೂ ನಕ್ಕೆ.

ಮರಳುವ ರೈಲಿನಲ್ಲಿ ಮಾವ ಒಂದೇ ಮಾತು ಕೇಳಿದರು: “ನಕ್ಕೆಯಲ್ಲೋ, ಯಾರನ್ನು ನೆನೆದು ನಕ್ಕೆ?”

ನಾನು ಉತ್ತರಿಸಲಿಲ್ಲ. ನಮ್ಮ ಬೀದಿಯ ಹಿಂದಿನ ಗಣಿ ಲೈನಿನಲ್ಲಿ ಒಬ್ಬಾಕೆ ಇದ್ದಳು. ಗಣಿಯ ಆಳದಲ್ಲಿ ಬಂಡೆ ಸಿಡಿದು ಅವಳ ಗಂಡನ ಸೊಂಟ ಮುರಿದಿತ್ತು. ಆ ಮನೆಗೆ ಬಂದುಹೋಗುತ್ತಿದ್ದ ಒಬ್ಬನ ಹೆಸರಿನೊಡನೆ ಅವಳ ಹೆಸರನ್ನು ಸೇರಿಸಿ ಜನ ಆಡಿಕೊಳ್ಳುತ್ತಿದ್ದರು. ಆ ಮಾತನ್ನು ನಾಲ್ಕು ಮನೆಗೆ ಮುಟ್ಟಿಸಿದವರಲ್ಲಿ ನಾನೂ ಒಬ್ಬ. ಮಾವನಿಗೆ ಅದು ತಿಳಿದಿತ್ತು.

ಕೆಲವು ವರ್ಷಗಳ ಬಳಿಕ, ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಓದುವಾಗ ಆ ಪ್ರಶ್ನೆ ಮತ್ತೆ ಎದುರಾಯಿತು. ಮಾವುತನಿಗೆ ಒಲಿದ ರಾಣಿ ಅಮೃತಮತಿಯನ್ನು ಕವಿ ಸಮರ್ಥಿಸುವುದಿಲ್ಲ. ಆದರೆ ಯಶೋಧರನೂ ಅವನ ತಾಯಿಯೂ ಹಲವು ಜನ್ಮಗಳಲ್ಲಿ ತೊಳಲುವುದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಕಾರಣಕ್ಕೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾದುದು. ಪರದೆಯ ಮೇಲಿನ ಮಾಧವಿಯೂ ಬರಿಯ ನೆರಳು. ಆದರೆ ಅವಳನ್ನು ನೋಡಿ ನಕ್ಕ ನನ್ನ ಮನಸ್ಸಿನ ಕ್ರೌರ್ಯ ನೆರಳಾಗಿರಲಿಲ್ಲ. ಲೈನಿನಲ್ಲಿ ಅದಕ್ಕೆ ಜೀವಂತ ಗುರಿಯೂ ಇತ್ತು.

ಮಾಧವಿಯ ನಡೆ ಸರಿಯೆಂದು ಹೇಳಲು ನಾನು ಹೊರಟಿಲ್ಲ. ತಪ್ಪನ್ನು ತಪ್ಪೆನ್ನುವುದು ವಿವೇಕ. ಅದನ್ನು ಸವಿಯುವುದು ಹಿಂಸೆ.

ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅದಕ್ಕೆ ಎಷ್ಟೋ ಮೊದಲೇ ಆ ದಂಪತಿ ಊರು ಬಿಟ್ಟಿದ್ದರು. ಆ ಮಾತು ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ಕ್ಷಮೆ ಕೇಳಲು ವಿಳಾಸವೂ ಉಳಿದಿಲ್ಲ. ಮಾವನ ಪ್ರಶ್ನೆ ಮಾತ್ರ ಉಳಿದಿದೆ. ಓದುಗರೂ ಒಮ್ಮೆ ಅದನ್ನು ತಮಗೆ ತಾವೇ ಕೇಳಿಕೊಳ್ಳಲಿ.