ಹಲಗೆಯ ಕಡೆ ಮುಖಮಾಡಿ ಹೇಳಿದ ಪಾಠ

ದೇವದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನಿದ್ದಾಗ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉಕ್ತಲೇಖನ ಹೇಳಿದರೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ನಕಲು ಎಂದು ಬಗೆದು ಅವನನ್ನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅರ್ಧ ವರ್ಷ ಕಳೆದ ಮೇಲೆ ಅವನ ತಾಯಿ ಬಂದು, "ಸರ್, ಹಿಂದಿಂದ ಕರದ್ರ ಅವಗ ಕೇಳೂದಿಲ್ರೀ. ಮಾರಿ ನೋಡಿ ಮಾತಾಡಿದ್ರ ತಿಳೀತೈತ್ರಿ" ಎಂದರು.

ನಾನಾದರೋ ಹಲಗೆಯ ಕಡೆ ಮುಖಮಾಡಿಕೊಂಡೇ ಪಾಠ ಹೇಳುತ್ತಿದ್ದವನು! ನನ್ನ ಒಂದು ವರ್ಷದ ಬಿ.ಎಡ್.ನಲ್ಲಿ ವಿಶೇಷ ಮಕ್ಕಳ ಕುರಿತು ಒಂದು ಅಧ್ಯಾಯವಿತ್ತು. ವ್ಯಾಖ್ಯೆ, ವರ್ಗೀಕರಣ ಎಲ್ಲವೂ ಬಾಯಿಪಾಠವಾಗಿತ್ತು. ಆದರೆ ಕಿವಿ ಕೇಳದ ಒಂದು ಮಗುವನ್ನೂ ತರಬೇತಿಯಲ್ಲಿ ಕಂಡಿರಲಿಲ್ಲ. ಹುಡುಗ ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಹತ್ತಿ ಹೊಲದ ಕೂಲಿಗೆ ಹೋದ.

ಬಹಳ ವರ್ಷಗಳ ನಂತರ ಮಾನ್ವಿಯಲ್ಲಿದ್ದಾಗ, ಶಾಲೆಯಿಂದ ಶಾಲೆಗೆ ತಿರುಗುವ ವಿಶೇಷ ಸಂಪನ್ಮೂಲ ಶಿಕ್ಷಕಿಯೊಬ್ಬರು ಬೇವಿನ ಮರದಡಿ ಅರ್ಧ ಗಂಟೆಯಲ್ಲಿ ನನಗೆ ಕಲಿಸಿದರು: ಕಿಟಕಿಗೆ ಬೆನ್ನುಮಾಡಿ ನಿಲ್ಲಬಾರದು, ನಮ್ಮ ಮುಖದ ಮೇಲೆ ಬೆಳಕಿರಬೇಕು, ಬರೆಯುವಾಗ ಮಾತನಾಡಬಾರದು, ಶ್ರವಣಯಂತ್ರದ ಬ್ಯಾಟರಿಯನ್ನು ಬೆಳಿಗ್ಗೆಯೇ ಪರೀಕ್ಷಿಸಬೇಕು.

ಇಂತಹ ಶಿಕ್ಷಕರ ತರಬೇತಿಯ ಗುಣಮಟ್ಟಕ್ಕೆಂದೇ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಇದೆ. ವಿಶ್ವವಿದ್ಯಾಲಯ ಪದವಿ ಕೊಟ್ಟರೆ ಸಾಲದು. ಕೋರ್ಸಿಗೆ ಪರಿಷತ್ತಿನ ಮನ್ನಣೆ ಬೇಕು, ವೈದ್ಯರಂತೆ ಶಿಕ್ಷಕರ ಹೆಸರೂ ನೋಂದಣಿಯಾಗಬೇಕು. 2021ರಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಇಂತಹ ಮಕ್ಕಳ ಸಂಖ್ಯೆಗೆ ತಕ್ಕಂತೆ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಸಂತೋಷವೇ. ಆದರೆ ಸಂಖ್ಯೆ ತುಂಬಿಸುವ ಅವಸರದಲ್ಲಿ ತರಬೇತಿ ತೆಳುವಾದೀತೆಂಬ ಭಯ ನನ್ನದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಆವರಣದಲ್ಲೇ ಮಕ್ಕಳ ಶಾಲಾಪೂರ್ವ ತರಗತಿಗಳಿವೆ. ಕಲಿಯುವವರ ಎದುರಿಗೇ ಮಕ್ಕಳಿದ್ದಾರೆ. ಎಲ್ಲೆಡೆ ಹಾಗಿಲ್ಲ.

ಪರಿಚಯದ ಯುವಕನೊಬ್ಬ ತನ್ನ ಅಭ್ಯಾಸ ಬೋಧನೆಯ ದಿನಚರಿಯನ್ನು ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಎರಡು ರಾತ್ರಿಗಳಲ್ಲಿ ಬರೆದು ಮುಗಿಸಿದ. ಕಾಲೇಜಿನ ಹೆಸರು ಇಲ್ಲಿ ಬೇಡ. ದಿನಚರಿಗೆ ಸಹಿ ಬಿತ್ತು, ಅಂಕವೂ ಬಂತು. ಎಷ್ಟು ಪುಟವೆಂದು ಎಣಿಸಿದವರು ಎಷ್ಟು ಮಕ್ಕಳೆಂದು ಕೇಳಲಿಲ್ಲ. "ತರಗತಿಯಲ್ಲಿ ಕಿವಿ ಕೇಳದ ಮಗುವಿದ್ದರೆ ಎಲ್ಲಿ ನಿಲ್ಲುತ್ತೀಯಪ್ಪಾ?" ಎಂದು ಕೇಳಿದೆ. ಶ್ರವಣದೋಷದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದ.