ತಡೀರಿ, ವಿಮಾನ ಹೋಗ್ಲಿ

ಎಂಬತ್ತರ ದಶಕದ ಮುರುಗೇಶಪಾಳ್ಯದಲ್ಲಿ ಯಾವ ಜಗಳವೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ. ಎಚ್‌ಎಎಲ್ ನಿಲ್ದಾಣದಿಂದ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737 ಎದ್ದರೆ ಷೋಕೇಸಿನ ಗಾಜು ಗಡಗಡ ಅನ್ನುತ್ತಿತ್ತು. ಕಾಂಪೌಂಡಿನಾಚೆಯ ಆಂಟಿಗೆ ಅಮ್ಮ, 'ತಡೀರಿ, ವಿಮಾನ ಹೋಗ್ಲಿ' ಎಂದು ಕೈಸನ್ನೆ ಮಾಡುತ್ತಿದ್ದರು. ಆಮೇಲೆ ಜಗಳ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು.

ಆ 737ರ ಸಪೂರ ಎಂಜಿನ್ ಒಳಗೆಳೆದ ಗಾಳಿಯಲ್ಲಿ ಹೆಚ್ಚುಕಡಿಮೆ ಅರ್ಧ, ಉರಿಯ ನಡುವೆ ಹಾದು ಹಿಂದಿನಿಂದ ಭರ್ರೆಂದು ನುಗ್ಗುತ್ತಿತ್ತು. ಹೀಗೆ ನುಗ್ಗುವ ಗಾಳಿಯ ಸದ್ದು ಅದರ ವೇಗದ ಎಂಟನೇ ಘಾತದಂತೆ ಏರುತ್ತದೆಂದು ಜೇಮ್ಸ್ ಲೈಟ್‌ಹಿಲ್ 1952ರಲ್ಲೇ ಲೆಕ್ಕ ಕಟ್ಟಿದ್ದರು. ಅಂದರೆ ವೇಗ ಅರ್ಧವಾದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲು. ವಿದ್ಯೆ ಇತ್ತು, ದುಡ್ಡು ಹಾಕುವ ಅವಸರ ಇರಲಿಲ್ಲ. ಹಳೆಯ ಗದ್ದಲದ ಜೆಟ್‌ಗಳಿಗೆ 1999ರ ಕೊನೆಯ ಗಡುವು ಹಾಕಿ ಅಮೆರಿಕ 1990ರಲ್ಲಿ ಕಾನೂನು ತಂದಾಗ ಕಂಪನಿಗಳ ಕಿವಿ ಚುರುಕಾಯಿತು.

2005ರಲ್ಲಿ ಮೊಂಟಾನಾದ ಗ್ಲಾಸ್ಗೋದಲ್ಲಿ ಬೋಯಿಂಗ್, ಜಿಇ, ಗುಡ್‌ರಿಚ್, ನಾಸಾ ಒಟ್ಟಾಗಿ ಒಂದು 777ನ್ನು ಹಾರಿಸಿ ನೆಲದ ಮೈಕ್‌ಗಳಲ್ಲಿ ಅದರ ಸದ್ದು ಹಿಡಿದವು. ವಿಮಾನ ಜಪಾನಿನ ಆಲ್ ನಿಪ್ಪಾನ್‌ನದು. ಎಂಜಿನ್ನಿನ ಹಿಂದಿನ ಅಂಚಿಗೆ ಗರಗಸದಂಥ ಹಲ್ಲು. ಬಿಸಿ ಗಾಳಿ ತಣ್ಣನೆಯದರ ಜೊತೆ ಚೆನ್ನಾಗಿ ಬೆರೆಯಲೆಂದು. ಬಾಯಿಯ ಒಳಗೋಡೆಗೆ ಸದ್ದು ನುಂಗುವ ಹೊದಿಕೆ, ಅದೂ ಬೆಸುಗೆಯಿಲ್ಲದೆ ಒಂದೇ ತುಂಡು. ತುಂಡು ಸೇರುವ ಗೆರೆ ಫ್ಯಾನಿನ ಕರಕರ ಸದ್ದನ್ನು ಮುಂದಿನ ಸೀಟಿನವರೆಗೂ ಒಯ್ಯುತ್ತದಂತೆ. ಆ ಹಲ್ಲುಗಳು ಮುಂದೆ 787ರ ಎಂಜಿನ್ನಿಗೆ ಬಂದವು.

ಮುರುಗೇಶಪಾಳ್ಯಕ್ಕೆ ಇದ್ಯಾವುದರಿಂದಲೂ ಉಪಕಾರವಾಗಲಿಲ್ಲ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದವು, ಅಷ್ಟೆ. ಅಲ್ಲಿನವರಿಗೆ ಈಗ ಎ320ನಿಯೋ. ಅದಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ ಕಟ್ಟಿದ ಗೇರ್ ಎಂಜಿನ್ನಿನಲ್ಲಿ ದೊಡ್ಡ ಫ್ಯಾನು ಟರ್ಬೈನಿನ ಮೂರನೇ ಒಂದು ಭಾಗದಷ್ಟು ವೇಗದಲ್ಲಿ ಆರಾಮಾಗಿ ತಿರುಗುತ್ತದೆ. ಅದಕ್ಕೆ ಹಾಕಿದ ಬಂಡವಾಳ ಸುಮಾರು 1000 ಕೋಟಿ ಡಾಲರ್ ಎನ್ನುತ್ತಾರೆ. ಇಷ್ಟು ದುಡ್ಡು ಊರಿನವರ ನಿದ್ದೆಗೆಂದು ಯಾರೂ ಹಾಕುವುದಿಲ್ಲ. ಅದು ಇಂಧನ ಉಳಿಸುತ್ತದೆ, ನಿಶ್ಶಬ್ದ ಕೊಸರು.

ಆ ಗರಗಸದ ಹಲ್ಲಿನ ಕಥೆ ಉಲ್ಟಾ. ಅದು ಸದ್ದು ತಗ್ಗಿಸಿದರೂ ಎಂಜಿನ್ನಿನ ತಳ್ಳುವಿಕೆಯನ್ನು ತುಸು ತಿನ್ನುತ್ತದೆ. ಬೋಯಿಂಗ್‌ನ ಹೊಸ 777ಎಕ್ಸ್‌ನ ಎಂಜಿನ್ನಿಗೆ ಹಲ್ಲಿಲ್ಲ.